ಎರಡನೇ ಎಕೋ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಪ್ಲಾಸ್ಟಿಕ್ ಫೈಲು ಹಿಡಕೊಂಡು ಆಸ್ಪತ್ರೆ ಕಾರಿಡಾರುಗಳಲ್ಲಿ ಓಡಾಡಿದವನು, ಅಷ್ಟೇ. ಹಾಗಾಗಿ ಇಲ್ಲಿ ಬರೆದದ್ದನ್ನು ಔಷಧಿ ಚೀಟಿ ಅಂತ ತಿಳಕೋಬೇಡಿ. ಒಬ್ಬ ಸಂಬಂಧಿಕನ ತಕರಾರು ಅಂತ ಓದಿಕೊಳ್ಳಿ.

ನಮ್ಮ ಮನೆಯಲ್ಲಿ ಅಂಥ ಎರಡು ಫೈಲುಗಳಿವೆ. ಒಂದು ಬಸವಕಲ್ಯಾಣದ ಕಾಕಾನದು, ಇನ್ನೊಂದು ಹುಮನಾಬಾದಿನ ಮಾಮಾನದು. ಇಬ್ಬರಿಗೂ 2024ರಲ್ಲಿ, ಎರಡೇ ತಿಂಗಳ ಅಂತರದಲ್ಲಿ ಹಾರ್ಟ್ ಅಟ್ಯಾಕ್ ಆಯ್ತು. ಇಬ್ಬರಿಗೂ ಸ್ಟೆಂಟ್ ಹಾಕಿದರು. ಇಬ್ಬರೂ ಬದುಕಿ ಮನೆಗೆ ಬಂದರು. ಕಾಕಾನಿಗೆ ಹದಿನಾಲ್ಕು ವರ್ಷದಿಂದ ಶುಗರ್ ಇತ್ತು, ಮಾಮಾನಿಗೆ ಇರಲಿಲ್ಲ. ಇಬ್ಬರ ಫೈಲಿನಲ್ಲೂ ಒಂದೊಂದು ಎಕೋ ರಿಪೋರ್ಟು ಇತ್ತು. ಮಾಮಾ ಎರಡನೇ ಎಕೋ ಮಾಡಿಸಿದರು. ಕಾಕಾ ಮಾಡಿಸಲಿಲ್ಲ. ಈ ಬರಹ ಅಷ್ಟರ ಬಗ್ಗೆಯೇ.

2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಏನಾಯ್ತು ನೆನಪಿದೆಯಲ್ಲ? ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಎದೆ ಎಂದೂ ನೋಯದವರೂ ಇ.ಸಿ.ಜಿ. ಮಾಡಿಸ್ರಿ, ಎಕೋ ಮಾಡಿಸ್ರಿ ಅಂತ ಹೋದರು. ತಪ್ಪು ಅಂತ ಹೇಳ್ತಿಲ್ಲ, ಭಯ ಎಲ್ಲರಿಗೂ ಇರೋದೇ. ಆದರೆ ಆ ಫೋಟೋಗಳನ್ನು ನೋಡುತ್ತಾ ನನಗನ್ನಿಸಿದ್ದು ಬೇರೆ. ನಿಜವಾಗಿ ಸಾಲಿನಲ್ಲಿ ನಿಲ್ಲಬೇಕಾದವರು, ಅಂದ್ರೆ ಒಂದು ಸಲ ಅಟ್ಯಾಕ್ ಆಗಿ ಮನೆಗೆ ಬಂದವರು, ಅದರಲ್ಲೂ ಶುಗರ್ ಇರುವವರು, ನಮ್ಮ ಕಾಕಾನ ಹಾಗೆ "ನನಗೇನಾಗ್ಯದ? ಆರಾಮ್ ಇದ್ದೀನಿ" ಅಂತ ಹೊಲದ ಕಡೆ ಹೊರಟುಬಿಟ್ಟಿರುತ್ತಾರಲ್ಲ!

ಕಾಕಾನ ಕಥೆ ಶುರುವಾಗಿದ್ದೇ ಹೊಲದಲ್ಲಿ. 2024ರ ಜನವರಿ 11, ಎಳ್ಳ ಅಮಾವಾಸ್ಯೆ. ನಮ್ಮ ಬೀದರ್-ಕಲಬುರಗಿ ಕಡೆಯವರಿಗೆ ಆ ದಿನ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಮರದ ಕೆಳಗೆ ಅಡ್ಡಾಗಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ಕಾಕಾನಿಗೆ ಬೆವರು. ಅಂಗಿ ತೊಯ್ದುಹೋಗುವಷ್ಟು. ಎದೆನೋವು ಇಲ್ಲ. ಎಡಗೈ ಸೆಳೆತ ಇಲ್ಲ. ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡಕೊಂಡು ಕುಸಿಯಲಿಲ್ಲ. ಬರೀ ಬೆವರು, ಸುಸ್ತು, ಹೊಟ್ಟೆ ತೊಳೆಸಿದ ಹಾಗೆ.

"ಶುಗರ್ ಇಳದಿರಬೇಕು, ಒಂದ್ ತುಂಡ್ ಬೆಲ್ಲ ಕೊಡ್ರಿ" ಅಂದರು ಯಾರೋ. ಕೊಟ್ಟರು. "ಉಂಡಿದ್ದು ಜಾಸ್ತಿ ಆಗ್ಯದ, ಗ್ಯಾಸ್ ಅದ" ಅಂದರು ಇನ್ಯಾರೋ. ಸೋಡಾ ಬಂತು. ರಾತ್ರಿಯೆಲ್ಲ ಹಾಗೇ ಕಳೆಯಿತು. ಬೆಳಿಗ್ಗೆ ಮೆಟ್ಟಿಲು ಹತ್ತಲು ಆಗದಾಗ ಕಾಕು ಜಗಳ ಮಾಡಿ ಆಸ್ಪತ್ರೆಗೆ ಕರಕೊಂಡು ಹೋದರು. ಇ.ಸಿ.ಜಿ. ನೋಡಿದವರು ಕೂತ ಕುರ್ಚಿಯಿಂದ ಏಳಲೂ ಬಿಡಲಿಲ್ಲ. ಸಸ್ತಾಪುರ ಬಂಗ್ಲಾ ದಾಟಿ, ಹುಮನಾಬಾದ್ ಮೇಲೆ ಹಾದು ಕಲಬುರಗಿಗೆ ಆಂಬುಲೆನ್ಸ್ ಓಡಿತು.

ಬಹಳ ವರ್ಷ ಶುಗರ್ ಇದ್ದವರಿಗೆ ಹೀಗಾಗುವುದು ಅಪರೂಪವಲ್ಲವಂತೆ. ಶುಗರ್ ಕಾಲಿನ ನರಗಳನ್ನು ಹಾಳುಮಾಡಿ ಮುಳ್ಳು ಚುಚ್ಚಿದ್ದೂ ಗೊತ್ತಾಗದ ಹಾಗೆ ಮಾಡುತ್ತದಲ್ಲ, ಅದೇ ರೀತಿ ಹೃದಯದ ನೋವನ್ನು ಮಿದುಳಿಗೆ ತಲುಪಿಸುವ ನರಗಳನ್ನೂ ಮಂಕು ಮಾಡುತ್ತದೆ. ಎಚ್ಚರಿಸುವ ಗಂಟೆಯೇ ಕೆಟ್ಟುಹೋಗಿರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಮಾಮಾನದು ಇದಕ್ಕೆ ಪೂರ್ತಿ ವಿರುದ್ಧ. ಮಾರ್ಚಿನ ಒಂದು ಸಂಜೆ ಹುಮನಾಬಾದಿನ ತಮ್ಮ ಅಂಗಡಿಯಲ್ಲೇ ಎದೆ ಹಿಡಕೊಂಡು ಕೂತರು. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ ಮನುಷ್ಯ. ನೋವು ಎಷ್ಟಿತ್ತೆಂದರೆ ಯಾರೂ ಸೋಡಾ ತರುವ ಮಾತೇ ಆಡಲಿಲ್ಲ. ಎರಡು ಗಂಟೆಯೊಳಗೆ ಚಿಕಿತ್ಸೆ ಶುರುವಾಯ್ತು.

ಈಗ ನಂಬರುಗಳಿಗೆ ಬರೋಣ. ಡಿಸ್ಚಾರ್ಜ್ ಆಗುವಾಗ ಕಾಕಾನ ಎಕೋದಲ್ಲಿ ಇ.ಎಫ್. 45. ಮಾಮಾನದು 38.

ಈ ಇ.ಎಫ್. ಅನ್ನೋದು ನಮ್ಮ ಮನೆಗಳಲ್ಲಿ ಎಸ್.ಎಸ್.ಎಲ್.ಸಿ. ಮಾರ್ಕಿನ ಹಾಗೆ ಆಗಿಬಿಟ್ಟಿದೆ. "ಕಾಕಾನ ಹಾರ್ಟು 45 ಪರ್ಸೆಂಟ್ ಕೆಲಸ ಮಾಡ್ತದಂತ" ಅಂತ ಫೋನಿನಲ್ಲಿ ಊರೆಲ್ಲ ಸುದ್ದಿ. ಕೇಳಿದವರು ಅರ್ಧ ಹೃದಯ ಸತ್ತಿದೆ ಅಂದುಕೊಂಡರು. ಅದು ಹಾಗಲ್ಲ. ಹೃದಯದ ಎಡಗಡೆಯ ಕೆಳಕೋಣೆ ತುಂಬಿದಾಗ ಅದರಲ್ಲಿ 100 ಎಂ.ಎಲ್. ರಕ್ತ ಇದೆ ಅಂತಿಟ್ಟುಕೊಳ್ಳಿ. ಒಂದು ಸಲ ಹಿಂಡಿದಾಗ ಅದರಲ್ಲಿ ಎಷ್ಟು ಹೊರಗೆ ಹೋಗುತ್ತದೆ ಅನ್ನೋದು ಇ.ಎಫ್. ಯಾರ ಹೃದಯವೂ ನೂರಕ್ಕೆ ನೂರು ಹಿಂಡುವುದಿಲ್ಲ. ಚೆನ್ನಾಗಿರುವ ಹೃದಯದ್ದೇ ಸುಮಾರು 55ರಿಂದ 70. ನಲವತ್ತಕ್ಕಿಂತ ಕೆಳಗೆ ಹೋದರೆ ಹೃದಯ ಸೋತಿದೆ ಅನ್ನುತ್ತಾರೆ.

ಹೀಗಾಗಿ ಮನೆಯವರೆಲ್ಲ ಸೇರಿ ತೀರ್ಪು ಕೊಟ್ಟಾಯ್ತು. ಕಾಕಾ ಪಾಸು, ಮಾಮಾ ಜಸ್ಟ್ ಫೇಲು!

ಆದರೆ ಅಟ್ಯಾಕ್ ಆದ ಮೂರ್ನಾಲ್ಕು ದಿನಕ್ಕೆ ತೆಗೆದ ಎಕೋ ಪೂರ್ತಿ ಸತ್ಯ ಹೇಳುವುದಿಲ್ಲ. ಇದು ನನಗೆ ಎಷ್ಟೋ ತಿಂಗಳ ನಂತರ ಗೊತ್ತಾಗಿದ್ದು. ಹೊಲದ ಲೆಕ್ಕದಲ್ಲಿ ಹೇಳ್ತೀನಿ. ಕಾಲುವೆಯಲ್ಲಿ ಕಲ್ಲು ಬಿದ್ದು ನೀರು ನಿಂತಿದೆ. ಹೊಲದ ಒಂದು ಮೂಲೆ ಬಾಡಿದೆ. ನೀವು ಕಲ್ಲು ತೆಗೆದಿರಿ (ಅದೇ ಸ್ಟೆಂಟು), ನೀರು ಹರಿಯಿತು. ಮರುದಿನವೇ ಹೋಗಿ ನೋಡಿದರೆ ಇಡೀ ಮೂಲೆ ಬಾಡಿದ ಹಾಗೇ ಕಾಣುತ್ತದೆ. ಅದರಲ್ಲಿ ಒಣಗಿ ಸತ್ತ ಗಿಡ ಎಷ್ಟು, ನೀರು ಕುಡಿದು ಮತ್ತೆ ಏಳುವ ಗಿಡ ಎಷ್ಟು ಅಂತ ಆ ದಿನ ಹೇಳಲಾಗದು. ಹೃದಯದ ಸ್ನಾಯುವೂ ಹಾಗೇ. ರಕ್ತ ನಿಂತಾಗ ಒಂದಷ್ಟು ಸಾಯುತ್ತದೆ, ಒಂದಷ್ಟು ಬರೀ ಜೋಂಪು ಹಿಡಿದು ಸುಮ್ಮನಾಗಿರುತ್ತದೆ. ಜೋಂಪು ಹಿಡಿದದ್ದು ಕೆಲವು ದಿನ, ಕೆಲವು ವಾರಗಳಲ್ಲಿ ಎಚ್ಚರಗೊಳ್ಳುತ್ತದೆ. ಅದಕ್ಕೇ ಆರು ವಾರದಿಂದ ಮೂರು ತಿಂಗಳೊಳಗೆ ಇನ್ನೊಂದು ಎಕೋ ಬೇಕು ಅನ್ನೋದು. ನಿಜವಾದ ಫಲಿತಾಂಶ ಅದು. ಮೊದಲನೆಯದು ಬರೀ ಹಾಲ್ ಟಿಕೆಟು.

ಇನ್ನೊಂದು ವಿಷಯ. ಆಂಜಿಯೋಗ್ರಾಮ್ ಮಾಡಿ "ಬ್ಲಾಕ್ ತೆಗೆದೀವಿ" ಅಂದಾಗ ನಾವು ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆಂಜಿಯೋಗ್ರಾಮ್ ತೋರಿಸುವುದು ದೊಡ್ಡ ಕಾಲುವೆಗಳನ್ನು ಮಾತ್ರ. ಬೆಳೆ ಹೇಗಿದೆ ಅಂತ ಅದು ಹೇಳುವುದಿಲ್ಲ. ಹೊಲದೊಳಗೆ ಹರಿಯುವ ಕೂದಲೆಳೆಯಂಥ ಸಣ್ಣ ತೋಡುಗಳನ್ನೂ ತೋರಿಸುವುದಿಲ್ಲ. ಶುಗರ್ ಹೆಚ್ಚಾಗಿ ಹಾಳುಮಾಡುವುದು ಅಂಥ ಸಣ್ಣ ತೋಡುಗಳನ್ನೇ. ಕಣ್ಣಿನ ಪರದೆಯಲ್ಲಿ, ಕಿಡ್ನಿಯಲ್ಲಿ ಮಾಡುವ ಕೆಲಸವನ್ನೇ ಹೃದಯದಲ್ಲೂ ಮಾಡುತ್ತದೆ. ಹೀಗಾಗಿ ಕಾಲುವೆ ತೆರೆದರೂ ಶುಗರ್ ಇದ್ದವರ ಹೃದಯ ಬೇರೆಯವರಷ್ಟು ಚೆನ್ನಾಗಿ ಚೇತರಿಸಿಕೊಳ್ಳುವುದಿಲ್ಲ.

ಜೂನಿನಲ್ಲಿ ಮಾಮಾನನ್ನು ಅತ್ತೆ ಎಳಕೊಂಡು ಹೋದರು. ಎರಡನೇ ಎಕೋದಲ್ಲಿ ಇ.ಎಫ್. 54. ಬೀಡಿ ಬಿಟ್ಟಿದ್ದರು, ಮಾತ್ರೆ ತಪ್ಪಿಸಿರಲಿಲ್ಲ, ದಿನಾ ಬೆಳಿಗ್ಗೆ ಮಾಣಿಕ ನಗರದ ಕಡೆ ನಡೆದು ಬರುತ್ತಿದ್ದರು. ಫೇಲಾದ ಹುಡುಗ ಫಸ್ಟ್ ಕ್ಲಾಸು!

ಕಾಕಾ ಹೋಗಲಿಲ್ಲ. ಕಾರಣಗಳು ಬಹಳ ಸಣ್ಣವು. ಕೇಳಿದರೆ ನಿಮ್ಮ ಮನೆಯವೇ ಅನ್ನಿಸಬಹುದು. ಬಸವಕಲ್ಯಾಣದಿಂದ ಕಲಬುರಗಿ ಸುಮಾರು 80 ಕಿಲೋಮೀಟರು, ಬೀದರೂ ಹೆಚ್ಚುಕಡಿಮೆ ಅಷ್ಟೇ. ಎಕೋಕ್ಕೆ ಕೊಟ್ಟದ್ದಕ್ಕಿಂತ ಕಾರಿನ ಬಾಡಿಗೆಯೇ ಜಾಸ್ತಿ ಆಗಿತ್ತು ಹಿಂದಿನ ಸಲ. ಒಂದು ದಿನ ಪೂರ್ತಿ ಹೋಗುತ್ತದೆ. ಜೊತೆಗೊಬ್ಬರು ಬೇಕು. ಮಗ ಹೈದರಾಬಾದಿನಲ್ಲಿ. ಇದೆಲ್ಲದರ ಮೇಲೆ, ಆ ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ಆರು ವಾರದ ನಂತರ ಎಕೋ ಜೊತೆ ಬನ್ನಿ ಅಂತ. ಅದನ್ನು ಯಾರೂ ಓದಿರಲಿಲ್ಲ. ಹೌದು, ನಾನೂ ಓದಿರಲಿಲ್ಲ. ಇಂಗ್ಲಿಷ್ ಬರುವವನು, ಫೈಲು ಹಿಡಕೊಂಡು ಬಂದವನು, ನಾನೇ ಓದಿರಲಿಲ್ಲ. ಬಿಲ್ಲು ಮಾತ್ರ ಎರಡು ಸಲ ಓದಿದ್ದೆ.

ಫೋನ್ ಮಾಡಿದಾಗೆಲ್ಲ "ತಮ್ಮಾ, ನಾ ಆರಾಮ್ ಇದ್ದೀನಿ, ಸುಮ್ನ ಯಾಕ ರೊಕ್ಕ ಹಾಳ್ ಮಾಡ್ತೀರಿ?" ಅನ್ನುತ್ತಿದ್ದರು. ನಾನೂ ಒಳ್ಳೇದಾಯ್ತು ಅಂದುಕೊಂಡೆ. ಆಗಲೇ ಹೇಳಿದೆನಲ್ಲ, ಗಂಟೆ ಕೆಟ್ಟುಹೋದ ಮನೆ. ಕಳ್ಳ ಬಂದರೂ ಸದ್ದಾಗುವುದಿಲ್ಲ.

ಆಗಸ್ಟಿನಲ್ಲಿ ಚಪ್ಪಲಿ ಬಿಗಿಯಾಗತೊಡಗಿತು. ಕಾಲು ಊದಿದೆ ಅಂತ ಯಾರಿಗೂ ಹೊಳೆಯಲಿಲ್ಲ, ಹೊಸ ಚಪ್ಪಲಿ ತಂದರು. ಸೆಪ್ಟೆಂಬರಿನಲ್ಲಿ ಒಂದು ದಿಂಬು ಸಾಲದೆ ಎರಡು ದಿಂಬು ಇಟ್ಟು ಮಲಗತೊಡಗಿದರು. ಅದಕ್ಕೆ "ಗ್ಯಾಸ್" ಅಂತ ಹೆಸರಿಟ್ಟರು. ಅಕ್ಟೋಬರಿನ ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತವರಿಗೆ ಉಸಿರೇ ಸಿಗಲಿಲ್ಲ. ಕಿಟಕಿಯ ಸರಳು ಹಿಡಕೊಂಡು ನಿಂತಿದ್ದರಂತೆ. ಮತ್ತೆ ಅದೇ ಆಂಬುಲೆನ್ಸು, ಅದೇ ದಾರಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ಆವತ್ತು ಮಾಡಿದ್ದೇ ಕಾಕಾನ ಎರಡನೇ ಎಕೋ. ಮಾರ್ಚಿನ ಹೊತ್ತಿಗೆ ಆಗಬೇಕಿದ್ದದ್ದು, ಅಕ್ಟೋಬರಿನಲ್ಲಿ ಸ್ಟ್ರೆಚರಿನ ಮೇಲೆ ಆಯ್ತು. ಇ.ಎಫ್. ಎಷ್ಟಿತ್ತು ಗೊತ್ತೇ? 42. ಬರೀ ಮೂರು ಕಡಿಮೆ! ಎಕೋದಲ್ಲಿ ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದಂತೆ. ಅಂದ್ರೆ ಹೆಚ್ಚುಕಡಿಮೆ ಅದೇ ನಂಬರು. "ಮೂರು ಕಡಿಮೆ ಆದದ್ದಕ್ಕೆ ಮನುಷ್ಯ ಸಾಯುವಂಗ ಆಗ್ತಾನೇನ್ರಿ?" ಅಂತ ನಾನು ಅಲ್ಲಿನ ಡಾಕ್ಟರಮ್ಮನನ್ನು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ರಿಪೋರ್ಟು ತಿರುಗಿಸಿ, ನಾನು ಎಂದೂ ನೋಡದ ಕೆಳಗಿನ ಸಾಲುಗಳ ಮೇಲೆ ಪೆನ್ನು ಇಟ್ಟರು.

ಆಕೆ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಹೃದಯಕ್ಕೆ ಎರಡು ಕೆಲಸ. ಹಿಂಡುವುದು ಒಂದು, ಸಡಿಲಗೊಂಡು ತುಂಬಿಸಿಕೊಳ್ಳುವುದು ಇನ್ನೊಂದು. ಇ.ಎಫ್. ಹೇಳುವುದು ಮೊದಲನೆಯದನ್ನು ಮಾತ್ರ. ಹಳೇ ಕಾಲದ ಕಪಿಲೆ ಬಾವಿಯ ಚರ್ಮದ ಚೀಲ ನೆನಪಿಸಿಕೊಳ್ಳಿ. ಎಣ್ಣೆ ಕುಡಿದ ಮೆತ್ತಗಿನ ಚೀಲ ನೀರಿಗೆ ಬಿಟ್ಟ ತಕ್ಷಣ ತುಂಬುತ್ತದೆ. ಒಣಗಿ ಬಿರುಸಾದ ಚೀಲ ಅರ್ಧವೂ ತುಂಬುವುದಿಲ್ಲ. ಶುಗರ್ ಹೃದಯದ ಸ್ನಾಯುವನ್ನು ಬಿರುಸು ಮಾಡುತ್ತದೆ. ತುಂಬಲಾಗದ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆ ಒತ್ತುತ್ತದೆ. ಎಕೋದಲ್ಲೇ ಇದನ್ನು ಅಳೆಯುವ ಅಂಕಿಗಳಿವೆ. ಇ ಬೈ ಇ ಪ್ರೈಮ್ ಅಂತ ಒಂದು ಲೆಕ್ಕ. 14ಕ್ಕಿಂತ ಮೇಲೆ ಹೋದರೆ ಒಳಗಿನ ಒತ್ತಡ ಏರಿದೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಕಾಕಾನದು 19.

ಇನ್ನೊಂದು ಸ್ಟ್ರೈನ್ ಅಂತ. ಹೊಸ ಎಕೋ ಯಂತ್ರಗಳಲ್ಲಿ ಸ್ನಾಯುವಿನ ಮೇಲೆ ಕಾಣುವ ಚುಕ್ಕಿಗಳನ್ನು ಕಂಪ್ಯೂಟರ್ ಬೆನ್ನಟ್ಟಿ, ಪ್ರತಿ ಬಡಿತಕ್ಕೂ ಹೃದಯ ಉದ್ದುದ್ದ ಎಷ್ಟು ಕುಗ್ಗುತ್ತದೆ ಅಂತ ಹೇಳುತ್ತದೆ. ಕುಗ್ಗುವುದಾದ್ದರಿಂದ ಮೈನಸ್ ಅಂಕಿ. ಚೆನ್ನಾಗಿರುವ ಹೃದಯದ್ದು ಮೈನಸ್ 20ರ ಆಸುಪಾಸು. ಶುಗರ್ ಇದ್ದವರಲ್ಲಿ ಇ.ಎಫ್. ನಾರ್ಮಲ್ ಇರುವಾಗಲೇ ಇದು ಇಳಿಯಲು ಶುರುವಾಗಿರುತ್ತದೆ. ಕಾಕಾನದು ಮೈನಸ್ 11.

ಇದು ಹೊಸ ಸಂಗತಿಯೂ ಅಲ್ಲ. ರಕ್ತನಾಳದ ಬ್ಲಾಕ್ ಇಲ್ಲದೆಯೂ ಶುಗರ್ ತಾನಾಗಿಯೇ ಹೃದಯ ಸ್ನಾಯುವನ್ನು ಕೆಡಿಸಬಹುದು ಅಂತ ರೂಬ್ಲರ್ ಮತ್ತು ಸಂಗಡಿಗರು 1972ರಲ್ಲೇ ಬರೆದಿದ್ದಾರೆ. 1974ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದವರು ಲೆಕ್ಕ ಕೊಟ್ಟರು: ಹೃದಯ ಸೋಲುವ ಅಪಾಯ ಶುಗರ್ ಇರುವ ಗಂಡಸರಲ್ಲಿ ಎರಡು ಪಟ್ಟಿಗಿಂತ ಹೆಚ್ಚು, ಹೆಂಗಸರಲ್ಲಿ ಸುಮಾರು ಐದು ಪಟ್ಟು. ಐವತ್ತು ವರ್ಷದ ಹಿಂದಿನ ಮಾತು! 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ, ಅದರ ಅಂಚಿನಲ್ಲಿರುವವರು 13.6 ಕೋಟಿ. ನಮ್ಮ ಕಾಕಾ ಒಬ್ಬರದೇ ಕಥೆ ಅಲ್ಲ ಇದು.

ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಎಕೋ ಅಲ್ಲ. ಆ ಡಾಕ್ಟರಮ್ಮ ಕೇಳಿದ ಇನ್ನೊಂದು ಪ್ರಶ್ನೆ. "ಶುಗರ್ ಮಾತ್ರೆ ಯಾವುದು ತಗೋತಾರೆ?" ಕಾಕು ಸೆರಗಿನ ಗಂಟಿನಿಂದ ಒಂದು ಪಟ್ಟಿ ಬಿಚ್ಚಿ ಕೊಟ್ಟರು. ಅದರಲ್ಲಿ ಪಯೋಗ್ಲಿಟಜೋನ್ ಇತ್ತು. ಶುಗರ್‌ಗೆ ಅದು ಕೆಟ್ಟ ಮಾತ್ರೆಯಲ್ಲ, ಬಹಳ ಜನ ತಗೋತಾರೆ. ಆದರೆ ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ. ಹೃದಯ ಸೋತವರಿಗೆ ಕೊಡಬಾರದು. ಶುಗರ್ ನೋಡುವ ಡಾಕ್ಟರ ಹತ್ತಿರ ಕಾಕಾ ತಿಂಗಳಿಗೊಮ್ಮೆ ಹೋಗುತ್ತಿದ್ದರು, ಶುಗರ್ ಫೈಲು ಮಾತ್ರ ಒಯ್ಯುತ್ತಿದ್ದರು. ಹಾರ್ಟಿನ ಫೈಲು ಗೋದ್ರೇಜ್ ಕಪಾಟಿನಲ್ಲಿ ಭದ್ರವಾಗಿತ್ತು. ಎರಡು ಫೈಲೂ ಒಂದು ಟೇಬಲ್ಲಿನ ಮೇಲೆ ಒಂದು ದಿನವೂ ಕೂಡಲಿಲ್ಲ. ಅನುಭವ ಮಂಟಪದ ಊರು ನಮ್ಮದು, ಎಲ್ಲರೂ ಒಟ್ಟಿಗೆ ಕೂತು ಮಾತಾಡಿದ ಊರು ಅಂತ ಬಂದವರಿಗೆಲ್ಲ ಹೇಳ್ತೀವಿ. ಒಬ್ಬ ಮನುಷ್ಯನ ಎರಡು ಫೈಲುಗಳನ್ನು ಕೂಡಿಸಲು ನಮಗೆ ಒಂಬತ್ತು ತಿಂಗಳಲ್ಲಿ ಆಗಲಿಲ್ಲ.

ಆ ಮಾತ್ರೆ ನಿಲ್ಲಿಸಿದರು. ನೀರು ಇಳಿಸುವ ಮಾತ್ರೆ ಕೊಟ್ಟರು. ಶುಗರ್‌ಗೆ ಎಂಪಾಗ್ಲಿಫ್ಲೋಜಿನ್ ಶುರು ಮಾಡಿದರು. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆ ಅದು. ಶುಗರ್ ಜೊತೆಗೆ ಹೃದಯ-ರಕ್ತನಾಳದ ಕಾಯಿಲೆಯೂ ಇದ್ದವರಲ್ಲಿ, ಹೃದಯ ಸೋತು ಆಸ್ಪತ್ರೆ ಸೇರುವುದು ಇದರಿಂದ ಸುಮಾರು 35 ಶೇಕಡಾ ಕಡಿಮೆಯಾಯ್ತು ಅಂತ 2015ರ ದೊಡ್ಡ ಪ್ರಯೋಗವೊಂದು ತೋರಿಸಿತು. ಹಾಗಂತ ಮಂತ್ರದಂಡ ಅಂದುಕೋಬೇಡಿ. ಆಗತಾನೆ ಅಟ್ಯಾಕ್ ಆದವರ ಮೇಲೆ 2024ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವುದು ಎರಡನ್ನೂ ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೃದಯ ಸೋತು ಆಸ್ಪತ್ರೆ ಸೇರುವುದು ಮಾತ್ರ ಕಡಿಮೆಯಾಯ್ತು. 2025ರ ಮಾರ್ಚಿನಲ್ಲಿ ಪೇಟೆಂಟ್ ಮುಗಿದು ನಮ್ಮಲ್ಲಿ ಈ ಮಾತ್ರೆಯ ಬೆಲೆ ಬಹಳ ಇಳಿಯಿತು, ಕಾಕುನ ತಿಂಗಳ ಚಿಂತೆಯೂ ಒಂದಿಷ್ಟು ಇಳಿಯಿತು. ದಯವಿಟ್ಟು ಈ ಹೆಸರು ಓದಿ ಯಾರೂ ಅಂಗಡಿಗೆ ಹೋಗಬೇಡಿ. ಉಪವಾಸ ಇದ್ದಾಗ, ವಾಂತಿ ಆದಾಗ ಇದು ಬೇರೆ ತೊಂದರೆ ತರಬಹುದು. ಡಾಕ್ಟರನ್ನು ಕೇಳಿ.

ಈಗ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ನನ್ನ ವೈದ್ಯ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. "ಎಕೋ ಯಾರನ್ನೂ ಬದುಕಿಸಲ್ಲ ಮಾರಾಯ, ಮಾತ್ರೆ ಬದುಕಿಸುತ್ತೆ. ಆರು ವಾರಕ್ಕೆ ಎಕೋ ಮಾಡಿದ್ರೂ ನಿಮ್ಮ ಕಾಕಾಗೆ ಹಿಂಗೇ ಆಗಬಹುದಿತ್ತು" ಅಂದ. ಅವನ ಮಾತು ಸುಳ್ಳಲ್ಲ. ಕಾಕಾ ಆಸ್ಪತ್ರೆ ತಲುಪಿದ್ದೇ ಮಾರನೇ ದಿನ. ಮಾಮಾ ಎರಡು ಗಂಟೆಯಲ್ಲಿ ತಲುಪಿದರು. ಆ ವ್ಯತ್ಯಾಸವನ್ನು ಯಾವ ಎಕೋ ಕೂಡ ತುಂಬಿಕೊಡಲಾರದು. ಎರಡನೇ ಎಕೋ ಆಗಿದ್ದರೆ ಅಕ್ಟೋಬರ್ ಬರುತ್ತಲೇ ಇರಲಿಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ.

ಆದರೂ ನನ್ನ ತಕರಾರು ನಿಲ್ಲುವುದಿಲ್ಲ. ಎರಡನೇ ಎಕೋ ಅಂದ್ರೆ ಬರೀ ಚಿತ್ರ ಅಲ್ಲ, ಅದೊಂದು ನೆಪ. ಆರಾಮ್ ಇದ್ದೀನಿ ಅನ್ನುವ ಮನುಷ್ಯನನ್ನು ಮತ್ತೊಮ್ಮೆ ಡಾಕ್ಟರ ಎದುರು ಕೂಡಿಸುವ ನೆಪ. ಸುಮ್ಮನೆ "ತೋರಿಸಿಕೊಂಡು ಬರೋಣ ನಡಿ" ಅಂದರೆ ನಮ್ಮ ಹಿರಿಯರು ಬರುವುದಿಲ್ಲ. "ಫೋಟೋ ತೆಗೀಬೇಕಂತ" ಅಂದರೆ ಬರುತ್ತಾರೆ! ಆ ದಿನ ಕಾಲು ಒತ್ತಿ ನೋಡುತ್ತಾರೆ, ಕಿಡ್ನಿ ಪರೀಕ್ಷೆ ಆಗುತ್ತದೆ, ಶುಗರ್ ಮಾತ್ರೆ ಯಾವುದು ಅಂತ ಯಾರಾದರೂ ಕೇಳುತ್ತಾರೆ. ಮಾತ್ರೆ ತಗೊಂಡೂ ಇ.ಎಫ್. 35ರಿಂದ ಮೇಲೇಳದಿದ್ದರೆ ಎದೆಯೊಳಗೆ ಶಾಕ್ ಕೊಡುವ ಯಂತ್ರ ಕೂರಿಸಬೇಕೇ ಅಂತ ಯೋಚಿಸುವುದೂ ಈ ಎರಡನೇ ಎಕೋ ನೋಡಿಯೇ.

ದೊಡ್ಡ ಪರೀಕ್ಷೆಗಳ ಹಿಂದೆ ಓಡಿ ಅಂತಲೂ ನಾನು ಹೇಳುತ್ತಿಲ್ಲ. ಹೃದಯದ ಎಂ.ಆರ್.ಐ. ಸತ್ತ ಸ್ನಾಯು ಯಾವುದು, ಬದುಕಿರುವುದು ಯಾವುದು ಅಂತ ಬಿಡಿಸಿ ತೋರಿಸುತ್ತದೆ. ಸತ್ತ ಭಾಗ ಬೆಳ್ಳಗೆ ಹೊಳೆಯುತ್ತದೆ. ಆದರೆ ಎಲ್ಲರಿಗೂ ಅದು ಬೇಕಿಲ್ಲ, ಎಲ್ಲ ಊರಲ್ಲೂ ಸಿಗುವುದಿಲ್ಲ. ಕಿಡ್ನಿ ತೀರಾ ಕೆಟ್ಟ ಶುಗರ್ ರೋಗಿಗೆ ಅದರ ಬಣ್ಣದ ಇಂಜೆಕ್ಷನ್ ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು. ಎಕೋಕ್ಕೆ ಇಂಥ ಯಾವ ಕಾಟವೂ ಇಲ್ಲ. ಸೂಜಿ ಇಲ್ಲ, ಬಣ್ಣ ಇಲ್ಲ, ವಿಕಿರಣ ಇಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಅನ್ನುವ ವೈದ್ಯ ಮತ್ತು ಹರ್ಟ್ಜ್ ಅನ್ನುವ ಭೌತವಿಜ್ಞಾನಿ, ಲೋಹದಲ್ಲಿ ಬಿರುಕು ಹುಡುಕುವ ಶಬ್ದದ ಯಂತ್ರವನ್ನು ಮನುಷ್ಯನ ಎದೆಗೆ ಹಿಡಿದು ಶುರುಮಾಡಿದ ಪರೀಕ್ಷೆ ಇದು. ಇವತ್ತು ಒಂದು ಬ್ಯಾಗಿನಲ್ಲಿ ಒಯ್ಯಬಹುದಾದ ಎಕೋ ಯಂತ್ರಗಳಿವೆ. ಹದಿನೈದಿಪ್ಪತ್ತು ನಿಮಿಷದ ಕೆಲಸ.

ನಮ್ಮ ಭಾಗಕ್ಕೆ ಏನೂ ಬಂದಿಲ್ಲ ಅಂದ್ರೆ ಅನ್ಯಾಯವಾಗುತ್ತದೆ. ಕಲಬುರಗಿಯಲ್ಲಿ ಜಯದೇವದ ಶಾಖೆ ಮೊದಲೇ ಇತ್ತು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಸ್ವಂತ ಕಟ್ಟಡ ಉದ್ಘಾಟನೆಯಾಯ್ತು (ಆ ಸಂಖ್ಯೆ ನೋಡಿದರೆ 371ಜೆ ನೆನಪಾಗದೆ ಇರುತ್ತದೆಯೇ!). ಹೃದಯದ ಚಿಕಿತ್ಸೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದ ನಮಗೆ ಅದು ಸಣ್ಣ ಮಾತಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ಆಗುತ್ತದೆ. ಹಾಸನದ ಗದ್ದಲದ ನಂತರ, 2025ರಲ್ಲಿ, ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ನಿಮ್ಮ ತಾಲ್ಲೂಕಿನಲ್ಲಿ ಇದೆಯೇ ಅಂತ ಇವತ್ತೇ ಕೇಳಿಟ್ಟುಕೊಳ್ಳಿ, ಬೆವರು ಬಂದ ದಿನ ಅಲ್ಲ.

ಆದರೆ ಗಮನಿಸಿ, ಇದೆಲ್ಲ ಮೊದಲ ಕೆಲವು ಗಂಟೆಗಳ ಲೆಕ್ಕ. ಮೊದಲ ಗಂಟೆಗೆ ಯೋಜನೆ ಇದೆ, ಆರನೇ ವಾರಕ್ಕೆ ಇಲ್ಲ. ಬದುಕಿಸುವುದಕ್ಕೆ ಅಷ್ಟೆಲ್ಲ ಖರ್ಚು ಮಾಡಿ, ಬದುಕಿದವನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಹಾಗೆ. ನನಗೆ ಬೇಕಾದದ್ದು ದೊಡ್ಡದೇನಲ್ಲ:

ಒಂದು, ಡಿಸ್ಚಾರ್ಜ್ ಕಾಗದದ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಎರಡನೇ ಎಕೋದ ತಾರೀಖು. "ಆರು ವಾರದ ನಂತರ" ಅಂತ ಅಲ್ಲ, ತಿಂಗಳು, ದಿನಾಂಕ, ವಾರ.

ಎರಡು, ಆ ತಾರೀಖಿನ ಹಿಂದಿನ ದಿನ ಒಂದು ಫೋನು. ಸಾಲ ಕೊಟ್ಟ ಬ್ಯಾಂಕಿನವರು ಕಂತಿಗೆ ಮೂರು ಸಲ ಫೋನ್ ಮಾಡುತ್ತಾರೆ. ಸ್ಟೆಂಟ್ ಹಾಕಿದವರು ಒಂದು ಸಲ ಮಾಡಬಾರದೇ?

ಮೂರು, ಬಸವಕಲ್ಯಾಣ, ಹುಮನಾಬಾದಿನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನವಾದರೂ ಎಕೋ ದಿನ. ಯಂತ್ರ ಬ್ಯಾಗಿನಲ್ಲಿ ಬರಲಿ, ಚಿತ್ರ ಕಲಬುರಗಿಗೆ ಹೋಗಲಿ. ಇ.ಸಿ.ಜಿ. ಹೋಗುತ್ತದಲ್ಲ, ಹಾಗೆ.

ನಾಲ್ಕು, ಮನೆಯವರ ಪಾಲಿನದು. ಶುಗರ್ ಫೈಲು, ಹಾರ್ಟ್ ಫೈಲು ಎರಡನ್ನೂ ಒಂದೇ ಚೀಲದಲ್ಲಿ ಇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಚೀಲ ಪೂರ್ತಿ ಒಯ್ಯಿರಿ. ಮನೆಯಲ್ಲಿ ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಹೋಳಿಗೆ ಅಲ್ಲ, ನೀರು. ಚಪ್ಪಲಿ ಬಿಗಿಯಾದರೆ ಹೊಸ ಚಪ್ಪಲಿ ತರುವ ಮುಂಚೆ ಕಾಲಿನ ಮೇಲೆ ಬೆರಳು ಒತ್ತಿ ನೋಡಿ. ದಿಂಬು ಎರಡಾದರೆ ಫೋನ್ ಮಾಡಿ. ಶುಗರ್ ಇದ್ದವರಿಗೆ ಬೆವರು ಬಂದರೆ ಬೆಲ್ಲ ಕೊಡುವ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಿ. ಇಳಿದಿಲ್ಲ ಅಂದ್ರೆ ಇ.ಸಿ.ಜಿ.ಗೆ ಓಡಿ.

ಕಾಕಾ ಈಗ ಹೇಗಿದ್ದಾರೆ ಅಂತ ಕೇಳ್ತೀರಿ. ಇದ್ದಾರೆ. ಹೊಲಕ್ಕೆ ಹೋಗುತ್ತಾರೆ, ಆದರೆ ಬದುವಿನ ತನಕ. ಚರಗ ಚೆಲ್ಲಲು ಈಗ ಮಗ ಹೈದರಾಬಾದಿನಿಂದ ಬರುತ್ತಾನೆ. ಮಾಮಾ ವಾರಕ್ಕೊಮ್ಮೆ ಹುಮನಾಬಾದಿನಿಂದ ಬಂದು ಕಟ್ಟೆಯ ಮೇಲೆ ಜೊತೆಗೆ ಕೂರುತ್ತಾರೆ. ಇಬ್ಬರೂ ಈಗಲೂ ನಂಬರುಗಳ ಬಗ್ಗೆಯೇ ಜಗಳ ಮಾಡುತ್ತಾರೆ. "ಮೊದಲ್ ನಂದೇ ಜಾಸ್ತಿ ಇತ್ತು ನೋಡ್ರಿ ಮತ್ತ" ಅಂತ ಕಾಕಾ ಹೇಳಿದಾಗ ಮಾಮಾ ನಗುವುದಿಲ್ಲ, ಚಹಾ ಲೋಟ ನೋಡುತ್ತಾ ಸುಮ್ಮನಾಗುತ್ತಾರೆ.

ನಿಮ್ಮ ಮನೆಯಲ್ಲೂ ಅಂಥ ಫೈಲು ಇದ್ದರೆ ಈ ಪುಟ ಮುಚ್ಚಿದ ಮೇಲೆ ಎದ್ದು ಹೋಗಿ ಡಿಸ್ಚಾರ್ಜ್ ಕಾಗದದ ಕೊನೆಯ ಸಾಲು ಓದಿ. ನಿಮ್ಮ ಕಡೆ ಆರನೇ ವಾರದಲ್ಲಿ ಯಾರಾದರೂ ಫೋನ್ ಮಾಡುತ್ತಾರಾ? ಮಾಡುತ್ತಾರೆ ಅಂದ್ರೆ ಯಾವ ಊರು ಅಂತ ಖಂಡಿತ ಬರೆಯಿರಿ. ನಮ್ಮ ತಾಲ್ಲೂಕಿನಲ್ಲಿ ಕೇಳಲು ಒಂದು ಉದಾಹರಣೆ ಸಿಕ್ಕ ಹಾಗಾಗುತ್ತದೆ.

ಕೊಸರು: ಇದನ್ನು ಕಾಕಾನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ "ಎಲ್ಲ ಬರೋಬ್ಬರಿ ಬರ್ದೀದಿ ತಮ್ಮಾ. ಆ ಬೆಲ್ಲ ಕೊಡ್ರಿ ಅಂದಾಂವ ನೀನೇ ಇದ್ದಿ ಅಂತ ಮಾತ್ರ ಬರ್ದಿಲ್ಲ" ಅಂದರು. ಹೌದು, ನಾನೇ.